ಮಸಿ ಸುಡುವ ಓಟ

ದನದ ಫಾರಮ್ಮಿನ ಆಳುಗಳೆಲ್ಲ ಅವಳನ್ನು ಹೊಗೆಯಕ್ಕ ಎನ್ನುತ್ತಿದ್ದರು. ಬೆಳಗಾದರೆ ಗೋಣಿಚೀಲ ಹಾಸಿಕೊಂಡು ಡೀಸೆಲ್ ಪಿಕಪ್ಪಿನ ಹೊಟ್ಟೆಯಡಿ ತೂರಿದಳೆಂದರೆ ಹೊರಗೆ ಕಾಣುತ್ತಿದ್ದುದು ಪಾದಗಳು ಮಾತ್ರ. ಸೈಲೆನ್ಸರ್ ಪೈಪಿಗೆ ಸಿಕ್ಕಿಕೊಂಡ ಒಣಹುಲ್ಲನ್ನು ಕಿತ್ತು ತೆಗೆಯುತ್ತಿದ್ದಳು. ಪೈಪನ್ನು ತೂಗುಹಾಕಿದ ರಬ್ಬರುಗಳು ಸೀಳಿಹೋಗಿವೆಯೇ ಎಂದು ಹಿಂಡಿ ನೋಡುತ್ತಿದ್ದಳು. ಕೊನೆಗೆ ಪೈಪಿನ ಬಾಯೊಳಗೆ ಬೆರಳಾಡಿಸಿ, ಕಪ್ಪು ಹತ್ತದಿದ್ದರೆ ಸಮಾಧಾನ. ಇದನ್ನೆಲ್ಲ ಕಲಿಸಿದವನು ಗಂಡ. "ಒಂದೆಳೆ ಹುಲ್ಲು ಸಾಕು ಕಣೇ, ಬಯಲೆಲ್ಲ ಉರಿದುಹೋಗೋಕೆ" ಎನ್ನುತ್ತಿದ್ದ. ಅವನು ಜ್ವರ ಬಂದು ತೀರಿಕೊಂಡ ಮೇಲೆ ಪಿಕಪ್ಪಿನ ಕೀಲಿ ಅವಳ ಕೈಗೆ ಬಂತು. ಜೊತೆಗೆ ಮೇವು, ಕರುಗಳು, ಬೇಲಿ, ಹಾಸಿಗೆ ಹಿಡಿದ ಅತ್ತೆಯ ಔಷಧಿಯೂ ಬಂದವು.

ಯಾರೂ ಅವಳನ್ನು ಕಟ್ಟಿಹಾಕಿರಲಿಲ್ಲ. ಭಾವ ಒಳ್ಳೆಯವರು, ಓರಗಿತ್ತಿ ಅವಳ ತಟ್ಟೆಗೇ ಮೊದಲು ಬಡಿಸುವವಳು. ಆದರೆ ತವರಿಗೆ ಹೋಗಿ ಬರಲೇ ಎಂದು ಬಾಯಿ ತೆರೆದಾಗಲೆಲ್ಲ ಒಂದು ಹಸು ಈಯುತ್ತಿತ್ತು, ಇಲ್ಲವೇ ನೀರಿನ ಪಂಪು ಕೆಡುತ್ತಿತ್ತು. "ಮುಂದಿನ ವಾರ ಹೋದರಾಯ್ತು ಬಿಡು." ಅಷ್ಟು ಮೆತ್ತಗಿನ ಬೇಲಿ ಅದು. ಒದೆಯೋಣವೆಂದರೆ ಕಾಲಿಗೆ ಗಟ್ಟಿಯಾದದ್ದೇನೂ ಸಿಗುತ್ತಿರಲಿಲ್ಲ.

ಅವಳಿಗಿದ್ದದ್ದು ಒಂದೇ ಬಿಡುಗಡೆ. ಆ ಪೈಪಿನ ನಡುವೆ ಹೊಗೆಯ ಮಸಿಯನ್ನು ಹಿಡಿದಿಡುವ ಡಬ್ಬಿಯೊಂದಿತ್ತು. ಹುಲ್ಲುಗಾವಲಿನಲ್ಲಿ ಆಮೆಯಂತೆ ತೆವಳುವ ಗಾಡಿಯಲ್ಲಿ ಡಬ್ಬಿ ಸಾಕಷ್ಟು ಕಾಯದೆ ಮಸಿ ಕಟ್ಟಿಕೊಂಡು, ಸ್ಟಿಯರಿಂಗ್ ಎದುರಿನ ಫಲಕದಲ್ಲಿ ಕಿತ್ತಳೆ ದೀಪ ಹತ್ತುತ್ತಿತ್ತು. ಆಗ ಗಾಡಿಯನ್ನು ಹೆದ್ದಾರಿಗೆ ಒಯ್ದು ಎಲ್ಲೂ ನಿಲ್ಲಿಸದೆ ಜೋರಾಗಿ ಓಡಿಸಬೇಕು. ಡಬ್ಬಿ ಕಾದು ಮಸಿ ತಾನಾಗಿ ಸುಟ್ಟುಹೋಗುತ್ತದೆ. ನಡುವೆ ನಿಲ್ಲಿಸಿದರೆ ಕೆಲಸ ಕೆಟ್ಟಿತು. ಹಾಗಾಗಿ ಆ ಹೊತ್ತು ಯಾರೂ ಅವಳನ್ನು ವಾಪಸು ಕರೆಯುವಂತಿರಲಿಲ್ಲ. ಕಿಟಕಿ ಇಳಿಸಿ, ಕೂದಲನ್ನು ಗಾಳಿಗೆ ಬಿಟ್ಟು, ಯಾರಿಗೂ ಏನನ್ನೂ ಒಯ್ಯದೆ, ತರದೆ ಹೋಗುತ್ತಿದ್ದಳು. ದೀಪ ಆರಿದ ಮೇಲೂ ಒಂದೆರಡು ತಿರುವು ಮುಂದೆ ಹೋಗುತ್ತಿದ್ದಳು. ಅಷ್ಟೇ ಅವಳ ಕಳ್ಳತನ.

ಒಂದು ದಿನ ಭಾವ ಪೇಟೆಯಿಂದ ಮೆಕ್ಯಾನಿಕ್‌ನನ್ನು ಕರೆತಂದರು.

"ಈ ಮಸಿ ಡಬ್ಬಿ ಕಿತ್ತು ನೇರ ಪೈಪ್ ಹಾಕಿಬಿಡಪ್ಪ. ಇವಳಿಗೆ ರಸ್ತೆ ಅಲೆಯೋ ಕೆಲಸ ತಪ್ಪಲಿ. ಇರೋ ದುಡಿತವೇ ಹಾಸಿ ಹೊದೆಯೋಷ್ಟಿದೆ, ಪಾಪ."

ಮೆಕ್ಯಾನಿಕ್ ಗಾಡಿಯಡಿ ಇಣುಕಿ ಹೊರಬಂದ. "ನಮ್ಮನೆ ಪಾತ್ರೇನೂ ಇಷ್ಟು ಚೊಕ್ಕವಾಗಿರಲ್ಲ ಅಕ್ಕ" ಎಂದು, ಭಾವನ ಕಡೆ ತಿರುಗಿದ. "ಡಬ್ಬಿ ಚೆನ್ನಾಗಿದೆ ಯಜಮಾನ್ರೇ. ಕಿತ್ತರೆ ರಸ್ತೆಯಲ್ಲಿ ಹೊಗೆ ತಪಾಸಣೆಯವರು ಹಿಡೀತಾರೆ."

"ರಸ್ತೆಗೇ ಹೋಗದ ಗಾಡಿಗೆ ಯಾವ ತಪಾಸಣೆ? ತಲೆಯೇ ಇಲ್ಲದವನಿಗೆ ತಲೆನೋವಾ?"

ಬಾಗಿಲಲ್ಲಿ ನಿಂತಿದ್ದ ಓರಗಿತ್ತಿ ನಕ್ಕಳು. ಮೆಕ್ಯಾನಿಕ್ ಮಾತ್ರ ನಗಲಿಲ್ಲ. "ಓಡಿಸೋರು ನೀವು. ಬೇಡ ಅಂದ್ರೆ ಬಿಟ್ಬಿಡ್ತೀನಿ, ಒಂದು ಮಾತು ಹೇಳಿಬಿಡಿ ಅಕ್ಕ."

"ಸದ್ದು ಜಾಸ್ತಿ ಆಗಲ್ವಾ? ಕರುಗಳು ಬೆದರ್ತಾವೆ" ಎಂದಳು.

"ಅಭ್ಯಾಸ ಆಗುತ್ತೆ" ಎಂದರು ಭಾವ.

"ಹೊಗೆ..."

"ಇಷ್ಟು ದೊಡ್ಡ ಬಯಲಲ್ಲಿ ಹೊಗೆಗೆ ಜಾಗ ಇಲ್ವೇನಮ್ಮ?"

ಉಳಿದಿದ್ದದ್ದು ಒಂದೇ ಮಾತು, ನನಗೆ ಹೋಗಬೇಕು ಎಂಬುದು. ಎಲ್ಲಿಗೆ ಎಂದು ಕೇಳಿದರೆ ಹೆಸರಿಸಲು ಒಂದು ಊರೂ ಇರಲಿಲ್ಲ. ಭಾವನ ಮುಖದಲ್ಲಿ, ತಮ್ಮನ ಹೆಂಡತಿಯ ಹೊರೆ ಇಳಿಸುತ್ತಿರುವ ನೆಮ್ಮದಿ ಕಾಣುತ್ತಿತ್ತು. ಅದನ್ನು ಕೆಡಿಸಲು ಅವಳಿಗೆ ಮನಸ್ಸಾಗಲಿಲ್ಲ.

"ತೆಗೀರಿ" ಎಂದಳು. ಸ್ಪಾನರುಗಳನ್ನೂ ಅವಳೇ ಎತ್ತಿಕೊಟ್ಟಳು.

ಅಂದಿನಿಂದ ಗಾಡಿ ಗುಡುಗತೊಡಗಿತು. ಹಾಸಿಗೆಯಲ್ಲಿದ್ದ ಅತ್ತೆ ಕೂಡ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು: "ಈಗ ಹಳ್ಳದ ಹತ್ರ ಇದಾಳೆ. ಈಗ ಮೇವಿನ ಕೊಟ್ಟಿಗೆ." ಅವಳು ಎಲ್ಲಿದ್ದಾಳೆಂದು ಇನ್ನು ಯಾರೂ ಕೇಳಬೇಕಾಗಿರಲಿಲ್ಲ.

ಒಂದು ಮಧ್ಯಾಹ್ನ ಬೇಲಿ ಕೆಲಸದವರಿಗೆ ತಂತಿಯ ಸುರುಳಿ ಇಳಿಸಿಕೊಟ್ಟು ಬರುವಾಗ ಅವಳು ರಸ್ತೆ ಗೇಟಿನ ಬಳಿ ಗಾಡಿ ನಿಲ್ಲಿಸಿದಳು. ಇಂಜಿನ್ ಆರಿಸಲಿಲ್ಲ. ಗೇಟಿನಾಚೆ ಹೆದ್ದಾರಿ ಬಿಸಿಲಲ್ಲಿ ಬಿದ್ದಿತ್ತು. ಲಾರಿಯೊಂದು ಹೋಯಿತು. ಅಷ್ಟರಲ್ಲಿ ಫೋನು ಬಂತು, ಓರಗಿತ್ತಿಯದು.

"ಗೇಟ್ ಹತ್ರ ನಿಂತಿದೀಯಲ್ಲೇ, ಏನಾಯ್ತು?"

"ಏನಿಲ್ಲ ಅಕ್ಕ. ಸ್ವಲ್ಪ ರಸ್ತೆ ಕಡೆ ಹೋಗಿ ಬರ್ತೀನಿ."

"ಯಾಕೆ?"

"ಸುಮ್ನೆ."

ಆ ಮಾತು ಅಷ್ಟು ಹಗುರವಾಗಿ ಹೊರಬಿದ್ದದ್ದು ಕೇಳಿ ಅವಳಿಗೇ ಸೋಜಿಗವಾಯಿತು.

"ಸುಮ್ನೆ ಯಾರಾದ್ರೂ ಡೀಸೆಲ್ ಸುಡ್ತಾರಾ ಹುಚ್ಚಿ?" ಓರಗಿತ್ತಿ ನಗುತ್ತಲೇ ಹೇಳಿದಳು. "ಆ ಪೈಪಲ್ಲಿ ಹೋದ್ರೆ ನಿನ್ನ ಗಾಡಿ ಸಮೇತ ಹಿಡ್ಕೊಂಡು ಹೋಗ್ತಾರೆ. ಬಾ, ಚಹಾಕ್ಕೆ ನೀರಿಡ್ತೀನಿ."

ಅವಳು ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು ಇನ್ನೊಂದು ಲಾರಿ ಹೋಗುವವರೆಗೆ ಕಾದಳು. ಆಮೇಲೆ ಗಾಡಿ ತಿರುಗಿಸಿದಳು.

ಮನೆಯಲ್ಲಿ ಓರಗಿತ್ತಿ ಸದ್ದಿಗೆ ಕಿವಿಗೊಟ್ಟು ಒಲೆ ಹಚ್ಚಿದಳು. ಚಹಾ ಸೋಸಿ ಲೋಟ ತುಂಬುವ ಹೊತ್ತಿಗೆ ಸರಿಯಾಗಿ ಗಾಡಿ ಅಂಗಳಕ್ಕೆ ಬಂದು ನಿಂತಿತು.