ಶರಣಪ್ಪನವರ ಕಾರಿನ ಹದಿನಾಲ್ಕು ದೋಷಗಳು

ಮಾರಾಟದ ಜಾಹೀರಾತುಗಳನ್ನು ಓದುವುದು ನಿವೃತ್ತಿಯ ನಂತರ ನನಗೆ ಅಂಟಿಕೊಂಡ ಚಟ. ಕೊಳ್ಳುವ ಉದ್ದೇಶವೇನೂ ಇಲ್ಲ. ಬೆಳಗಿನ ಕಾಫಿ ಆರಿಹೋಗುವ ತನಕ ಮೊಬೈಲಿನಲ್ಲಿ ಯಾರದೋ ಸೋಫಾ, ಯಾರದೋ ಹೊಲಿಗೆ ಯಂತ್ರ, ಮೀನುಗಳಿಲ್ಲದ ಯಾರದೋ ಮೀನಿನ ತೊಟ್ಟಿ ನೋಡುತ್ತ ಕೂರುತ್ತೇನೆ. ಸಿಕಂದರಾಬಾದಿನ ಪಕ್ಕದ ಮಲ್ಕಾಜ್‌ಗಿರಿಯ ನಮ್ಮ ಓಣಿಯಿಂದ ಹಿಡಿದು ಈ ಮಹಾನಗರದ ಇನ್ನೊಂದು ಅಂಚಿನವರೆಗೆ ಮಾರಾಟಕ್ಕಿಟ್ಟ ಸಕಲ ವಸ್ತುಗಳೂ ‘ಅತ್ಯುತ್ತಮ ಸ್ಥಿತಿ’ಯಲ್ಲೇ ಇರುತ್ತವೆ. ಮೂರೇ ಕಾಲಿನ ಮಂಚ ಕೂಡ ಫೋಟೋದಲ್ಲಿ ಇಟ್ಟಿಗೆಯ ಆಸರೆಯಲ್ಲಿ ನಿಂತು ಅತ್ಯುತ್ತಮ ಸ್ಥಿತಿಯನ್ನು ಅನುಭವಿಸುತ್ತಿರುತ್ತದೆ. ಇಷ್ಟು ಚೆನ್ನಾಗಿದ್ದರೆ ಯಾಕಪ್ಪಾ ಮಾರುತ್ತೀಯ ಎಂದು ಕೇಳೋಣವೆನ್ನಿಸುತ್ತದೆ. ಕೇಳಿದರೆ ಎಲ್ಲಿ ಕೊಳ್ಳಬೇಕಾದೀತೋ ಎಂದು ಹೆದರಿ ಸುಮ್ಮನಾಗುತ್ತೇನೆ.

ನನ್ನ ಈ ವಕ್ರದೃಷ್ಟಿಗೆ ಕಾರಣ ನನ್ನ ವೃತ್ತಿ. ಬಾಲಾನಗರದ ಸರ್ಕಾರಿ ಕಾರ್ಖಾನೆಯೊಂದರಲ್ಲಿ ವಿಮಾನದ ಉಪಕರಣಗಳ ತಪಾಸಣೆ ಮಾಡುತ್ತ ಮೂವತ್ತೊಂದು ವರ್ಷ ಸವೆಸಿದವನು ನಾನು. ಪ್ರತಿಯೊಂದು ಉಪಕರಣದ ಜೊತೆಗೂ ಅದರ ನ್ಯೂನತೆಗಳ ಪಟ್ಟಿ ಇರಲೇಬೇಕೆಂಬುದು ಅಲ್ಲಿಯ ಶಾಸನ. ‘ದೋಷವೇನೂ ಇಲ್ಲ’ ಎಂದು ಬರೆದುಕೊಟ್ಟರೆ ಮೇಲಿನವರು ಸಂತೋಷಪಡುತ್ತಿರಲಿಲ್ಲ, ನೋಡಿಯೇ ಇಲ್ಲ ಎಂದು ತೀರ್ಮಾನಿಸಿ ವಾಪಸು ಕಳಿಸುತ್ತಿದ್ದರು. ಹೀಗಾಗಿ ನನ್ನ ಹೆಂಡತಿ ಹೊಸ ಸೀರೆ ಉಟ್ಟು ಎದುರು ಬಂದರೂ ನನಗೆ ಮೊದಲು ಕಾಣುವುದು ಎಳೆ ಬಿಟ್ಟ ಅಂಚೇ. ನಮ್ಮ ದಾಂಪತ್ಯ ಉಳಿದದ್ದು ಅವಳ ಕ್ಷಮಾಗುಣದಿಂದಲೇ ಹೊರತು ನನ್ನ ವೀಕ್ಷಣಾಶಕ್ತಿಯಿಂದಲ್ಲ.

ಇಂಥವನ ಕೈಗೆ ಜಾಹೀರಾತು ಬರೆಯುವ ಕೆಲಸ ಕೊಟ್ಟ ಮಹಾನುಭಾವರು ಶರಣಪ್ಪನವರು. ನಮ್ಮ ಮನೆಯಿಂದ ಎರಡು ಮನೆ ಆಚೆ ಇರುವ ಆಳಂದದ ಕಡೆಯವರು; ಅದೇ ಕಾರ್ಖಾನೆಯಲ್ಲಿ ಲೇತಿನ ಮೇಲೆ ಕೆಲಸ ಮಾಡುವ ಟರ್ನರ್ ಆಗಿದ್ದವರು. ಸಿಕಂದರಾಬಾದಿನ ಹಳೆಯ ಬಂಗಲೆಯೊಂದರ ಹಿತ್ತಲಲ್ಲಿ, ಬ್ರಿಟಿಷರ ದೇಶದಲ್ಲಿ ಹುಟ್ಟಿ ಇಲ್ಲಿ ಅನಾಥವಾಗಿದ್ದ ಎರಡೇ ಸೀಟಿನ ಕಾರೊಂದು ಅವರ ಕಣ್ಣಿಗೆ ಬಿತ್ತು. ಉದ್ದ ಮೂಗು, ತಗ್ಗಿದ ಬೆನ್ನು, ಸೈಕಲ್ಲಿನಂಥ ಕಡ್ಡಿಗಳ ಚಕ್ರ. ಒಳಗೆ ನಾಯಿ ಮರಿ ಹಾಕಿತ್ತು. ಗುಜರಿಗೆ ಹೋಗುವುದನ್ನು ತಡೆದು ಮನೆಗೆ ಎಳೆಸಿ ತಂದವರು ಹನ್ನೊಂದು ವರ್ಷ ಅದರ ಸೇವೆ ಮಾಡಿದರು. ಸಿಗದ ಭಾಗಗಳನ್ನು ತಾವೇ ಲೇತಿನಲ್ಲಿ ಕಡೆದರು, ಸೀಟಿನ ಚರ್ಮವನ್ನು ಕಾಚಿಗೂಡದ ಸೋಫಾ ರಿಪೇರಿಯವನ ಕೈಲಿ ಹೊಲಿಸಿದರು. ಹುಬ್ಬಳ್ಳಿಯ ಮೋಟಾರು ಗ್ಯಾರೇಜೊಂದರಲ್ಲಿ ಪತ್ತೆಯಾದ ಜೋಡಿ ಕಾರ್ಬ್ಯುರೇಟರುಗಳು ಶೇಂಗಾ ಹೋಳಿಗೆಯ ಡಬ್ಬಿಯ ತಳದಲ್ಲಿ ಕೂತು ರೈಲಿನಲ್ಲಿ ಬಂದವು. ಹೋಳಿಗೆಗೆ ಪೆಟ್ರೋಲಿನ ವಾಸನೆ ಹಿಡಿದಿತ್ತು, ಆದರೂ ಒಂದೂ ಉಳಿಯಲಿಲ್ಲ.

ಈ ಹನ್ನೊಂದು ವರ್ಷವೂ ಅವರ ಹೆಂಡತಿ ಮಹಾದೇವಮ್ಮ ಪಕ್ಕದಲ್ಲಿ ನಿಂತು ಬ್ಯಾಟರಿ ದೀಪ ಹಿಡಿದಿದ್ದರು. ಗಾಡಿ ಸಿದ್ಧವಾದ ದಿನ ಇಬ್ಬರೂ ಅದರಲ್ಲಿ ಕೂತು ಬಸವಕಲ್ಯಾಣಕ್ಕೆ ಹೋಗಿಬರುವುದೆಂದು ಗಂಡ ಮಾತು ಕೊಟ್ಟಿದ್ದರು. ಆಯುಧಪೂಜೆಯ ಹೊತ್ತಿಗೆ ಗಾಡಿ ಸಿದ್ಧವೂ ಆಯಿತು, ಕಡು ಹಸಿರು ಬಣ್ಣದಲ್ಲಿ ಥಳಥಳಿಸುತ್ತ. ಶರಣಪ್ಪನವರು ಬೆಳಬೆಳಗ್ಗೆ ಎದ್ದು ಪರೀಕ್ಷಾರ್ಥ ಒಬ್ಬರೇ ಓಡಿಸಿಕೊಂಡು ಬರುತ್ತಿದ್ದರು. ಪ್ರಯಾಣ ಮಾತ್ರ ಮುಂದೆ ಹೋಗುತ್ತಲೇ ಇತ್ತು. ಒಮ್ಮೆ ಟೈರಿನ ನೆಪ, ಒಮ್ಮೆ ಕಾಗದಪತ್ರದ ನೆಪ, ಆಮೇಲೆ ಬಿಸಿಲಿನ ನೆಪ.

ನಿಜವಾದ ಕಾರಣವನ್ನು ಒಂದು ಸಂಜೆ ವಾಕಿಂಗಿನಲ್ಲಿ ನನಗೆ ಹೇಳಿದರು. “ಬಲಗಣ್ಣು ಹೋಗೈತ್ರಿ. ನರ ಒಣಗ್ಯಾವಂತ, ಹೋದದ್ದು ಹೊಳ್ಳಿ ಬರಂಗಿಲ್ಲಂತ. ಗಾಡಿ ಹೊಡೀಬ್ಯಾಡ ಅಂದಾರ ಡಾಕ್ಟ್ರು.” ನಮ್ಮ ರಸ್ತೆಗಳಲ್ಲಿ ಎದುರಿನಿಂದ ಬರುವವರು ಬರುವುದು ಬಲಗಡೆಯಿಂದಲೇ, ಆ ಕಡೆಯ ಲೋಕವೇ ಅವರಿಗೆ ಅಳಿಸಿಹೋಗಿತ್ತು. ನಾನು ಏನೋ ಸಮಾಧಾನ ಹೇಳಹೊರಟರೆ ತಡೆದರು. “ನಮ್ಮಾಕಿಗೆ ಗೊತ್ತಾಗಬಾರ್ದು ನೋಡ್ರಿ. ಭಾಳ ಮನಸಿಗೆ ಹಚ್ಚಿಗೋತಾಳ. ಚಲೋ ಗಿರಾಕಿ ಬಂದ, ಕೊಟ್ಟೆ ಅಂತ ಹೇಳಿಬಿಡ್ತೀನಿ. ಗಾಡಿ ಮಾತ್ರ ಓಡಸೋರ ಕೈಗೇ ಹೋಗಬೇಕು.” ಜಾಹೀರಾತು ಬರೆದುಕೊಡುವ ಭಾರ ಹೀಗೆ ನನ್ನ ಹೆಗಲೇರಿತು.

ಓದುಗ ಮಿತ್ರರೇ, ನೀವು ಊಹಿಸಿರಬಹುದು. ನಾನು ಕನ್ನಡಕ ಏರಿಸಿ, ಟಾರ್ಚು ಹಿಡಿದು, ಎರಡು ದಿನ ಆ ಕಾರಿನ ಅಡಿಯಲ್ಲೂ ಮೇಲೂ ಹರಿದಾಡಿ, ಜಾಹೀರಾತಿನ ಬದಲು ತಪಾಸಣಾ ವರದಿ ಸಿದ್ಧಪಡಿಸಿದೆ. ಬಲಗಡೆಯ ಮಡ್‌ಗಾರ್ಡಿನ ಬಣ್ಣ ಮಧ್ಯಾಹ್ನದ ಬಿಸಿಲಿನಲ್ಲಿ ತುಸು ಬೇರೆ ಕಾಣುತ್ತದೆ. ಮಳೆ ಬಂದರೆ ಟಾಪು ಹಿಂಬದಿಯಲ್ಲಿ ಸೋರುತ್ತದೆ. ವೇಗಮಾಪಕ ಮೈಲಿಗಳಲ್ಲಿ ಮಾತನಾಡುತ್ತದೆ, ಅದರಲ್ಲೂ ಉತ್ಪ್ರೇಕ್ಷೆ ಮಾಡುತ್ತದೆ. ಚಳಿಯಲ್ಲಿ ಮೂರು ಸಲ ಚೋಕ್ ಎಳೆಯಬೇಕು. ರಿವರ್ಸ್ ಗೇರು ಮನಸ್ಸಿದ್ದರೆ ಬೀಳುತ್ತದೆ. ಹೀಗೆ ಹದಿನಾಲ್ಕು ದೋಷಗಳನ್ನು ಕ್ರಮಸಂಖ್ಯೆ ಸಹಿತ ಇಂಗ್ಲಿಷಿನಲ್ಲಿ ನಮೂದಿಸಿ, ಮಾರಾಟದ ಕಾರಣ ಎಂಬಲ್ಲಿ ಮಾತ್ರ ‘ವೈಯಕ್ತಿಕ’ ಎಂದು ಬರೆದೆ. ಶರಣಪ್ಪನವರೂ ಅದೇ ಕಾರ್ಖಾನೆಯ ಉಪ್ಪುಂಡವರಲ್ಲವೆ, ಓದಿಸಿ ಕೇಳಿ ತೃಪ್ತಿಯಿಂದ ತಲೆದೂಗಿದರು. ಇಬ್ಬರು ವಿವೇಕಿಗಳು ಸೇರಿ ಅದನ್ನು ಲೋಕಕ್ಕೆ ಬಿಟ್ಟೆವು.

ಲೋಕ ಹತ್ತು ದಿನ ತೆಪ್ಪಗಿತ್ತು. ನನ್ನ ಹೆಂಡತಿ ಅದನ್ನು ಓದಿ, “ಇದು ಮಾರಾಟವೋ, ಎಫ್‌ಐಆರೋ?” ಎಂದು ಕೇಳಿದಳು. ಹನ್ನೊಂದನೆಯ ದಿನ ಹೋಟೆಲಿನ ಮಾಲೀಕರೊಬ್ಬರು ಬಂದರು. ಹದಿನಾಲ್ಕು ದೋಷಗಳಲ್ಲಿ ಒಂದನ್ನೂ ಅವರು ಓದಿರಲಿಲ್ಲ, ಓದುವ ಅಗತ್ಯವೂ ಅವರಿಗಿರಲಿಲ್ಲ. “ಇಂಜನ್ ನಕ್ಕೋ ಸಾಬ್, ಖಾಲಿ ಬಾಡಿ ಹೋನಾ,” ಎಂದರು; ಇಂಜಿನ್ ಬೇಡ, ಬರೀ ಬಾಡಿ ಸಾಕು ಎಂದರ್ಥ. ಇಂಜಿನ್ನನ್ನು ಕಿತ್ತು ಹಗುರ ಮಾಡಿ, ಹೋಟೆಲಿನ ಬಾಗಿಲಲ್ಲಿ ಕಟ್ಟೆಯ ಮೇಲೆ ಕೂರಿಸಿ, ಬರುವವರು ಫೋಟೋ ತೆಗೆಸಿಕೊಳ್ಳುವಂತೆ ಮಾಡುವುದು ಅವರ ಯೋಜನೆ. ಶರಣಪ್ಪನವರ ಮುಖ ಸಪ್ಪಗಾಯಿತು. ಆದರೆ ಬೇಡವೆನ್ನಲು ಬಾಯಿ ಬರಲಿಲ್ಲ. ಬಿಸಿಲಿನ ನೆಪ ಮುಗಿಯುತ್ತ ಬಂದಿತ್ತು, ಮಹಾದೇವಮ್ಮನವರು ಬಸವಕಲ್ಯಾಣದ ಮಾತನ್ನು ಮತ್ತೆ ಎತ್ತಿದ್ದರು. ರವಿವಾರದೊಳಗೆ ಬೇರೆ ಯಾರೂ ಬರದಿದ್ದರೆ ನಿಮಗೇ ಎಂದು ಹೇಳಿ ಕಳಿಸಿದರು. ಅವತ್ತು ನನ್ನ ಮೇಲೆ ನನಗೇ ಸಿಟ್ಟು ಬಂತು. ನಾಲ್ಕು ಸುಳ್ಳು ಬರೆದಿದ್ದರೆ ನಾಲ್ಕು ಜನರಾದರೂ ಬರುತ್ತಿದ್ದರು.

ರವಿವಾರ ಬೆಳಗ್ಗೆ ಬಂದವರು ಹೋಟೆಲಿನವರಲ್ಲ. ಡ್ರೈವಿಂಗ್ ಸ್ಕೂಲ್ ನಡೆಸುವ ವಿಜಯಲಕ್ಷ್ಮಿ ಎಂಬ ತೆಲುಗಿನ ಹೆಂಗಸು. ಐವತ್ತೈದು ದಾಟಿದ್ದವರು, ಕಾಲಲ್ಲಿ ಕ್ಯಾನ್ವಾಸ್ ಬೂಟು. ಜೀವಮಾನವೆಲ್ಲ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಬ್ರೇಕು ಒತ್ತಿ ಸಾಕಾಗಿದೆ, ಇನ್ನು ಒಂದು ಗಾಡಿಯನ್ನಾದರೂ ತನ್ನ ಸುಖಕ್ಕೆ ಓಡಿಸಬೇಕು ಎಂದರು. ನನ್ನ ವರದಿಯನ್ನು ಅಚ್ಚು ಹಾಕಿಸಿ ತಂದಿದ್ದರು! ಪೆನ್ಸಿಲು ಹಿಡಿದು ಒಂದೊಂದೇ ದೋಷವನ್ನು ಮುಟ್ಟಿ ನೋಡಿ ಗುರುತು ಹಾಕಿಕೊಂಡು ಹೋದಾಗ ಇಡೀ ನೌಕರಿಯಲ್ಲಿ ಸಿಗದ ಗೌರವ ನನಗೆ ಸಿಕ್ಕಂತಾಯಿತು. ಕೊನೆಗೆ ಪೆನ್ಸಿಲು ‘ವೈಯಕ್ತಿಕ’ ಎಂಬ ಪದದ ಮೇಲೆ ನಿಂತಿತು. “ಎಂದುಕು ಅಮ್ಮುತುನ್ನಾರಂಡಿ?” ಎಂದರು. ಯಾಕೆ ಮಾರುತ್ತಿದ್ದೀರಿ? ಪ್ರತಿದಿನ ಬೆಳಗ್ಗೆ ನಾನು ಯಾರನ್ನೂ ಕೇಳದೆ ನುಂಗಿಕೊಳ್ಳುವ ಪ್ರಶ್ನೆ ಅದು.

ಶರಣಪ್ಪನವರು ನೆಲ ನೋಡಿದರು, ನಾನು ಆಕಾಶ ನೋಡಿದೆ. ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಮಹಾದೇವಮ್ಮ ಶುದ್ಧ ತೆಲುಗಿನಲ್ಲಿ, ತಮ್ಮ ಯಜಮಾನರಿಗೆ ಬಲಗಣ್ಣು ಕಾಣುವುದಿಲ್ಲವೆಂದು ಶಾಂತವಾಗಿ ಉತ್ತರಿಸಿದರು.

ಶರಣಪ್ಪನವರು ನನ್ನನ್ನು ಸುಡುವಂತೆ ನೋಡಿದರು. “ನಾನಲ್ಲ, ದೇವರಾಣೆ!” ಎಂದೆ.

“ಅವರ್‍ಯಾಕ ಹೇಳಬೇಕ್ರಿ?” ಎಂದರು ಮಹಾದೇವಮ್ಮ. “ಆರು ತಿಂಗಳಾತು, ಪಲ್ಯಾ, ಚಟ್ನಿ ಎಲ್ಲಾ ತಾಟಿನ ಎಡಗಡೀನ ಬಡಸಾಕತ್ತೀನಿ. ಬಲಗಡೀದು ಹಂಗ ಉಳೀತಿತ್ತು. ಬಜಾರದಾಗ ನಿಮ್ಮ ಬಲಕ್ಕ ನಡೀತೀನಿ, ಆಟೋ ತಾಕಬಾರ್ದಂತ. ನೀವ ಹೇಳ್ತೀರಿ ಅಂತ ಕಾದೆ.”

ನನಗೆ ನಾಚಿಕೆಯಾಯಿತು. ಬೆಳಗಿನಿಂದ ಸಂಜೆಯವರೆಗೆ ಅವರಿಬ್ಬರನ್ನೂ ಕಾಣುವ ನಾನು, ಆಕೆ ಗಂಡನ ಬಲಕ್ಕೆ ನಡೆಯತೊಡಗಿದ್ದನ್ನು ಗಮನಿಸಿರಲೇ ಇಲ್ಲ. ಲೋಪ ಹುಡುಕುವುದನ್ನಷ್ಟೇ ನನ್ನ ವಿದ್ಯೆ ಕಲಿಸಿತ್ತು. ಕಂಡ ಲೋಪದ ಪಕ್ಕದಲ್ಲಿ ಮಾತಿಲ್ಲದೆ ನಡೆಯುವುದು ಬೇರೆಯೇ ವಿದ್ಯೆ. ಶರಣಪ್ಪನವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ವಿಜಯಲಕ್ಷ್ಮಿಯವರು, ಪರರ ಮನೆಯ ಮಾತಿಗೆ ಕಿವಿಗೊಡಬಾರದೆಂಬ ಸಜ್ಜನಿಕೆಯಿಂದ, ಬಾನೆಟ್ಟಿನೊಳಗೆ ತಲೆ ಹಾಕಿ ನೋಡಿದ್ದನ್ನೇ ಮತ್ತೆ ನೋಡತೊಡಗಿದರು.

ಓಡಿಸಿ ನೋಡುವ ಹೊತ್ತು ಬಂತು. ಮಾರುವವನು ಪಕ್ಕದಲ್ಲಿ ಕೂರುವುದು ರೂಢಿ. ಶರಣಪ್ಪನವರು ಎಡಗಡೆಯ ಬಾಗಿಲು ತೆರೆದವರು ಹಾಗೆಯೇ ನಿಂತರು. ಇದ್ದದ್ದೇ ಎರಡು ಸೀಟು. “ನೀ ಕೂಡು,” ಎಂದರು ಹೆಂಡತಿಗೆ. ಆಕೆ ಬೇಡವೆನ್ನಲಿಲ್ಲ, ಸೆರಗು ಸೊಂಟಕ್ಕೆ ಬಿಗಿದು, ಅಷ್ಟು ತಗ್ಗಿನ ಸೀಟಿಗೆ ಹೇಗೋ ಇಳಿದು ಕೂತರು.

ಹಸಿರು ಕಾರು ಓಣಿ ದಾಟಿ ಹೋಯಿತು. ಶರಣಪ್ಪನವರು ಗೇಟು ಹಿಡಿದು ಕಣ್ಣು ಮುಚ್ಚಿ ನಿಂತರು. ಸದ್ದಿನಲ್ಲೇ, “ಎರಡನೇದಕ್ಕ ಹಾಕಿದ್ರು... ಈಗ ಮೂರು... ಚಲೋ ಕೈ ಐತಿ,” ಎನ್ನುತ್ತಿದ್ದರು. ಆಮೇಲೆ ಸದ್ದೂ ಕೇಳಿಸಲಿಲ್ಲ. ಹತ್ತು ನಿಮಿಷವೆಂದವರು ಮುಕ್ಕಾಲು ಗಂಟೆಯಾದರೂ ಪತ್ತೆಯಿಲ್ಲ. ನನ್ನ ಮನಸ್ಸು ರಿವರ್ಸ್ ಗೇರಿನ ಸುತ್ತ ಸುತ್ತುತ್ತಿತ್ತು. ಶರಣಪ್ಪನವರಿಗೆ ಚಿಂತೆಯೇ ಇರಲಿಲ್ಲ. “ಅಡ್ಡಾಡಿ ಬರಲಿ ಬಿಡ್ರಿ,” ಎಂದರು.

ಬಂದರು. ಮಹಾದೇವಮ್ಮನವರ ಕೂದಲು ಕೆದರಿತ್ತು, ಮುಖ ಕೆಂಪಾಗಿತ್ತು. ಗಾಡಿ ಹೇಗಿದೆ ಎಂದು ಯಾರೂ ಕೇಳುವ ಮೊದಲೇ ನನ್ನ ಕಡೆ ತಿರುಗಿದರು. “ಈ ಎಡಗಡಿ ಬಾಗಲಾ ಗಡಗಡ ಅಂತೈತ್ರಿ. ಇದನ್ನ ಬರದಿಲ್ಲಲ್ಲ ನೀವು?”

ಬರೆಯುವುದೆಲ್ಲಿಂದ? ಅವತ್ತಿನವರೆಗೆ ಗಾಡಿ ಓಡುತ್ತಿರುವಾಗ ಆ ಸೀಟಿನಲ್ಲಿ ಒಬ್ಬರೂ ಕೂತಿರಲಿಲ್ಲ. ಶರಣಪ್ಪನವರು ಆ ಸೀಟನ್ನೇ ನೋಡಿದರು. ಆಮೇಲೆ ವಿಜಯಲಕ್ಷ್ಮಿಯವರಿಗೆ, ಗಾಡಿ ನಿಮ್ಮದೇ, ಆದರೆ ಇದೊಂದನ್ನು ಸರಿಮಾಡಿಯೇ ಕೊಡುತ್ತೇನೆ ಎಂದು ಹೇಳಿ ಒಳಗಿನಿಂದ ಸ್ಕ್ರೂಡ್ರೈವರು ತಂದು ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತರು. ಒಂದೇ ಕಣ್ಣಿಗೆ ಆಳದ ಅಂದಾಜು ಸಿಗುವುದಿಲ್ಲವಂತೆ. ಮೊದಲ ಸಲ ತುದಿ ಜಾರಿತು, ಎರಡನೆಯ ಸಲವೂ ಜಾರಿತು. ಅವರು ಸುತ್ತ ನಿಂತ ನಮ್ಮನ್ನೆಲ್ಲ ಒಮ್ಮೆ ನೋಡಿದರು.

“ಸ್ಕ್ರೂ ಎಲ್ಲೈತಿ ಗೊತ್ತಾಗವಲ್ದು, ತೋರಸು ಬಾ,” ಎಂದರು, ಎಲ್ಲರಿಗೂ ಕೇಳುವ ಹಾಗೆ.

ಮಹಾದೇವಮ್ಮ ಅವರ ಬಲಕ್ಕೆ ಬಂದು ಕೂತು, ಅವರ ಕೈ ಹಿಡಿದು, ತುದಿಯನ್ನು ಜಾಗಕ್ಕೆ ಮುಟ್ಟಿಸಿದರು.

“ಹಾಂ, ಇಲ್ಲೈತಿ. ಈಗ ತಿರವ್ರಿ.”