ತಾಮ್ರದ ತಗಡಿನಲ್ಲಿ ಗುಲ್ವೆನ್

ಈಗ ಎಲ್ಲರ ಕಾಲಲ್ಲೂ ಚರ್ಮದ ಬೂಟು. ಆಗ ಹಾಗಲ್ಲ; ಫ್ರಾನ್ಸಿನ ಬ್ರಿಟನಿ ಸೀಮೆಯ ಬೀಚ್ ಮರಗಳ ಕಾಡಿನ ತುಂಬ ಮರದ ಮೆಟ್ಟು ಕೆತ್ತುವವರ ಗುಡಿಸಲು, ಬೆಳಗಾದರೆ ಕೊಡಲಿಯ ಸದ್ದು, ಹಸಿ ಮರದ ಪರಿಮಳ. ಅವರಲ್ಲಿ ಗುಲ್ವೆನ್ ಕೆರ್ಬ್ರಾ ಚಕ್ರವರ್ತಿ. ರಾಜರಿಗೆ ರಾಜ್ಯ ಗೆಲ್ಲಲು ಸೈನ್ಯ ಬೇಕಾಯಿತು. ಇವನು ತುದಿಯನ್ನು ಮಣೆಗೆ ಕೊಕ್ಕೆಯಿಂದ ಸಿಕ್ಕಿಸಿದ ಉದ್ದ ಕತ್ತಿಯ ಹಿಡಿಯನ್ನು ಬಲಗೈಯಲ್ಲಿ ಆಡಿಸಿಯೇ ಮೂರು ಊರಿನ ಪಾದಗಳನ್ನು ಗೆದ್ದಿದ್ದ.

ಅವನನ್ನು ಹುಡುಕಿಕೊಂಡು ಪ್ಯಾರಿಸ್ಸಿನಿಂದ ಚಿತ್ರಗಾರನೊಬ್ಬ ಬಂದ. ಗುಲ್ವೆನ್ ಮರ ಕೆತ್ತುತ್ತಿದ್ದರೆ ಆತ ತಾಮ್ರದ ತಗಡಿನ ಮೇಲೆ ಸೂಜಿಯಿಂದ ಅವನ ಚಿತ್ರ ಗೀಚಿದ. ಮೂರನೆಯ ದಿನ ಹೆಂಡದಂಗಡಿಯ ಹಿಂಕೋಣೆಯಲ್ಲಿ ತಗಡಿಗೆ ಮಸಿ ಬಳಿದು, ಒರೆಸಿ, ಒದ್ದೆ ಕಾಗದವಿಟ್ಟು ಒತ್ತಿ ತೆಗೆದರೆ, ಕತ್ತಿ ಗುಲ್ವೆನ್‌ನ ಎಡಗೈಯಲ್ಲಿ!

"ಅಯ್ಯೋ, ನಮ್ಮ ಮೇಸ್ತ್ರಿ ಎಡಚ ಆಗ್ಬಿಟ್ನಲ್ರಪ್ಪೋ!" ಎಂದು ಪಕ್ಕದ ಗುಡಿಸಲ ಟುಡುಯಲ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನೂ ಮೆಟ್ಟು ಕೆತ್ತುವವನೇ.

"ಒತ್ತಿದಾಗ ಎಡಬಲ ಅದಲುಬದಲಾಗತ್ತೆ, ಮಾರಾಯ," ಎಂದ ಚಿತ್ರಗಾರ.

"ನನ್ನ ಮರ್ಯಾದೆ ಇರೋದೇ ಬಲಗೈಲಿ, ಸ್ವಾಮಿ. ತಿದ್ದಿಕೊಡಿ," ಎಂದ ಗುಲ್ವೆನ್.

ಇದ್ದದ್ದು ಒಂದೇ ತಗಡು. ಉಜ್ಜಿ ಅಳಿಸಿ ಮತ್ತೆ ಗೀಚಬೇಕು. ಕಾಗದದಲ್ಲಿ ಬಲಗೈ ಕಾಣಬೇಕಾದರೆ ಗುಲ್ವೆನ್ ಎಡಗೈಯಲ್ಲಿ ಕತ್ತಿ ಹಿಡಿದು ನಿಲ್ಲಬೇಕು. ಹಿಡಿದು ನೋಡಿದ. ಮರ ಅಡ್ಡಡ್ಡ ಸೀಳಿತು. ಮುಖ ಹರಳೆಣ್ಣೆ ಕುಡಿದವನದಾಯಿತು.

ಹೆಂಡತಿ ಅಜೆನೋರ್ ಮಾತ್ರ ಕಾಗದದಿಂದ ಕಣ್ಣು ತೆಗೆಯಲಿಲ್ಲ.

"ಇಲ್ನೋಡು. ಕಷ್ಟದ ತಿರುವು ಬಂದಾಗ ನಾಲಿಗೆ ತುದಿ ಕಚ್ಕೋತೀಯಲ್ಲ, ಅದೂ ಬಂದಿದೆ. ಇಪ್ಪತ್ತು ವರ್ಷ ಈ ಮೂತಿ ನೋಡ್ತಾನೇ ಗಂಜಿ ಕಾಯಿಸಿದೀನಿ. ಅಳಿಸಿದ್ರೆ ಇದೂ ಹೋಗತ್ತೆ. ಈಗ ಮಣೆ ಮುಂದೆ ಎಡಗೈಲಿ ಒದ್ದಾಡ್ತಿರೋನು ಯಾರೋ, ನಂಗೊತ್ತಿಲ್ಲಪ್ಪ."

ಮೂರು ಊರಿನ ಮರ್ಯಾದೆ ಒಂದು ಕಡೆ, ನಾಲಿಗೆಯ ತುದಿ ಇನ್ನೊಂದು ಕಡೆ. ಗುಲ್ವೆನ್ ಕತ್ತಿ ಬಿಟ್ಟ. "ಇರ್ಲಿ ಬಿಡಿ, ಸ್ವಾಮಿ."

ಹತ್ತು ಹದಿನೈದು ಪ್ರತಿ ತೆಗೆಯುವಷ್ಟರಲ್ಲಿ ತಗಡು ಸವೆದು ಗೆರೆಗಳು ಬಡವಾದವು. ಆದರೆ ಅಜೆನೋರ್‌ಗೆ ಸಿಕ್ಕಿದ್ದು ಮೊದಲನೆಯದು, ಮಖಮಲ್ಲಿನಂತೆ ಕಪ್ಪಗೆ ಮೆತ್ತಗಿದ್ದದ್ದು. ಒಂದು ಕಾಡಿನ ಮರ ಮುಗಿದು ಗುಡಿಸಲು ಕಿತ್ತಾಗಲೆಲ್ಲ ಅದು ಅವಳ ಲಂಗಗಳ ಮಡಿಕೆಯಲ್ಲಿ ಕಾಡಿಂದ ಕಾಡಿಗೆ ಹೋಯಿತು.

ಟುಡುಯಲ್ ಬಿಡುವವನೇ? ಸಂತೆಯ ನಡುವೆ ಕೂಗಿದ: "ಏನೋ ಎಡಚಾ!"

"ಹೌದೋ," ಎಂದ ಗುಲ್ವೆನ್, ಗಂಭೀರವಾಗಿ. "ಎಡಗಾಲಿನ ಮೆಟ್ಟು ಎಡಗೈಲೇ ಕೆತ್ಬೇಕು. ನೀನು ಎರಡೂ ಬಲಗೈಲೇ ಮಾಡ್ತೀಯಾ? ಪಾಪ, ಜನರ ಕಾಲು!"

ಅಂದು ಸಂಜೆಯವರೆಗೂ ಟುಡುಯಲ್‌ನ ಗಿರಾಕಿಗಳು ಒಬ್ಬೊಬ್ಬರಾಗಿ ಎಡಗಾಲು ಎತ್ತಿ ಅವನ ಮೂಗಿನ ಮುಂದೆ ಹಿಡಿದರು: "ನಿಜ ಹೇಳಪ್ಪ, ಇದನ್ನ ಯಾವ ಕೈಲಿ ಮಾಡ್ದೆ?"