ಕಬ್ಬಿಣದ ಭೂತಗಳ ಬಗ್ಗೆ ನಮ್ಮ ಮನೆಯ ಅಭಿಪ್ರಾಯ

ಮೊಬೈಲಿನ ಆ ಆಟದಲ್ಲಿ ಮನುಷ್ಯರು ಸಾಯುವುದು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ. ಮೂರಂತಸ್ತಿನ ಮನೆಯಷ್ಟು ಎತ್ತರದ ಕಬ್ಬಿಣದ ಯಂತ್ರ, ಅದಕ್ಕೆ ಎರಡು ಕಾಲು, ಎರಡು ಕೈ, ಕೈಯ ತುದಿಗೆ ತೋಪು. ತಲೆಯ ಜಾಗದಲ್ಲಿ ಒಂದು ಕ್ಯಾಬಿನ್, ಅದರೊಳಗೆ ಯಂತ್ರವನ್ನು ನಡೆಸುವ ಒಬ್ಬ ಮನುಷ್ಯ. ಕ್ಯಾಬಿನ್ನಿಗೆ ಗುಂಡು ಬಿದ್ದರೆ ಒಳಗಿನವನು ಒಮ್ಮೆ ಚೀರುತ್ತಾನೆ, ಆಮೇಲೆ ರೇಡಿಯೋದಲ್ಲಿ ಬರೀ ಸುಂಯ್ ಎನ್ನುವ ಸದ್ದು. ಮೊದಲ ಸಲ ಕೇಳಿದಾಗ ಮೊಬೈಲು ಕೆಳಗಿಟ್ಟುಬಿಟ್ಟೆ. ಸ್ವಲ್ಪ ದಿನಕ್ಕೆ ರೂಢಿಯಾಯಿತು. ಆಮೇಲಂತೂ ವೈರಿ ಚೀರದೇ ಸತ್ತರೆ ಏನೋ ಕಡಿಮೆಯಾಯಿತು ಅನ್ನಿಸತೊಡಗಿತು. ನಾನೇನೂ ಮೆದು ಸ್ವಭಾವದವಳಲ್ಲ.

ಆಡುವುದು ಪಾಳಿಯ ಮೇಲೆ. ನನ್ನ ಪಾಳಿ ಬಂದಾಗ ನನ್ನ ಯಂತ್ರಗಳನ್ನೆಲ್ಲ ನಡೆಸಿ, ಹೊಡೆಸಿ, ಕೈಕಟ್ಟಿ ಕೂರಬೇಕು. ಆಮೇಲೆ ವೈರಿಯ ಪಾಳಿ. ಅವನು ಹೊಡೆಯುವಷ್ಟೂ ಹೊತ್ತು ಪೆಟ್ಟು ತಿನ್ನಬೇಕು, ನಡುವೆ ಕೈ ಎತ್ತುವ ಹಾಗಿಲ್ಲ. ಸಿಟ್ಟಿನಲ್ಲಿ ಎಲ್ಲಾ ತೋಪುಗಳನ್ನೂ ಒಮ್ಮೆಲೇ ಹಾರಿಸಿದರೆ ಯಂತ್ರ ಕಾದು, ಒಳಗಿನವನು ತನ್ನದೇ ಬೆಂಕಿಯಲ್ಲಿ ಬೇಯುತ್ತಾನೆ. ಕಾಲು ಹೋದ ಯಂತ್ರ ಬೋರಲು ಬೀಳುತ್ತದೆ, ಬಿದ್ದದ್ದನ್ನು ವೈರಿಗಳು ಸುತ್ತುಗಟ್ಟಿ ತುಳಿಯುತ್ತಾರೆ. ಇದಕ್ಕೆಲ್ಲ ಒಂದೇ ಒಂದು ಉಪಾಯ, ಪರದೆಯ ಮೂಲೆಯಲ್ಲಿರುವ ಒಂದು ಗುಂಡಿ. ಒತ್ತಿದರೆ ಪೆಟ್ಟು ತಿಂದ ಯಂತ್ರ ಕಣ ಬಿಟ್ಟು ವಾಪಸ್ ಬರುತ್ತದೆ, ಒಳಗಿನ ಮನುಷ್ಯ ಬದುಕುತ್ತಾನೆ.

ಈ ಗುಂಡಿಯ ಬಗ್ಗೆಯೇ ಜಗಳ. ನಾನು ಆಡುವುದು ನಮ್ಮೂರು ಬಿಳೂರಿನ ಆಚೆ, ಬೀಳು ಹೊಲದಲ್ಲಿ, ಮಧ್ಯಾಹ್ನದ ಬಿಸಿಲಿಗೆ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ತೂರಿಸಿ ನಿಂತಾಗ. ಆಗ ಬನ್ನಿ ಮರದ ಬುಡದಲ್ಲಿ ನಾನು, ಮೊಬೈಲು, ಯುದ್ಧ. ಮೊಬೈಲು ಗಂಡನದು. ಹೀಗಾಗಿ ಆಡುವವರ ಗ್ರೂಪಿನಲ್ಲಿ ಇರುವುದೂ ಅವನ ಹೆಸರು. ಜತ್ತದ ಕಾಲೇಜು ಹುಡುಗರು, ವಿಜಯಪುರದವರು, ಸೊಲ್ಲಾಪುರದವರು, ಎಲ್ಲರೂ ನನ್ನನ್ನು ಅಣ್ಣ ಎಂಬರ್ಥದಲ್ಲಿ 'ದಾದಾ' ಅನ್ನುತ್ತಾರೆ. ಅಲ್ಲಿ ಹತ್ತು ಬಾಯಿಗೆ ಹನ್ನೊಂದು ಅಭಿಪ್ರಾಯ. ಪಾಳಿ ಕಾಯುವುದರಲ್ಲೇ ಆಯುಷ್ಯ ಮುಗಿಯಿತು ಅನ್ನುತ್ತಾನೆ ಒಬ್ಬ. ಮೂಗಿಗೆ ಮೂಗು ತಾಗಿಸಿ ಹೊಡೆದರೂ ಗುಂಡು ತಪ್ಪುತ್ತದೆ, ಕಂಪ್ಯೂಟರು ಮೋಸ ಮಾಡುತ್ತದೆ ಅನ್ನುತ್ತಾನೆ ಇನ್ನೊಬ್ಬ. ಹೊಸ ಅಪ್‌ಡೇಟಿನಲ್ಲಿ ವಾಪಸ್ ಕರೆದರೂ ಗಳಿಕೆ ಹೋಗುವುದಿಲ್ಲ ಎಂದು ಮಾಡಿದಾಗ ಅಲ್ಲಿ ಬೆಂಕಿಯೇ ಬಿತ್ತು. ಆಟ ಕೆಟ್ಟಿತು, ಹೇಡಿಗಳಿಗೆ ಸಲೀಸಾಯಿತು ಎಂದರು. ಜತ್ತದವನೊಬ್ಬ ಮರಾಠಿಯಲ್ಲಿ ಬರೆದ, ವಾಪಸ್ ಕರೆಯುವವರು ಬಳೆ ತೊಟ್ಟುಕೊಳ್ಳಿ ಎಂದು.

ನಾನು ನನ್ನ ಕೈ ನೋಡಿಕೊಂಡೆ. ಹಸಿರು ಗಾಜಿನ ಬಳೆ, ಮುಂಗೈಯ ಅರ್ಧದವರೆಗೆ. 'ತೊಟ್ಟಿದ್ದೇನೆ, ನಾಳೆ ಕಣಕ್ಕೆ ಬಾ' ಎಂದು ಬರೆದೆ. ಮರುದಿನ ಬಂದ. ಪೆಟ್ಟು ಬಿದ್ದದ್ದನ್ನೆಲ್ಲ ನಾನು ಹಿಂದಕ್ಕೆ ಕರೆದೆ, ಅವನು ಒಂದನ್ನೂ ಕರೆಯದೆ ಕಾದಾಡಿದ. ಕೊನೆಗೆ ಅವನ ಮೂರು ಯಂತ್ರಗಳ ಕಾಲು ಕತ್ತರಿಸಿ ಬೀಳಿಸಿ, ಕ್ಯಾಬಿನ್ನುಗಳನ್ನು ಒಂದೊಂದಾಗಿ ಒಡೆದೆ. ಮೂರೂ ಚೀರಿದವು. ಆ ಮಧ್ಯಾಹ್ನ ಕುರಿಗಳಿಗೆ ನೀರು ಕುಡಿಸುವಾಗ ನಾನು ಹಾಡು ಗುನುಗುತ್ತಿದ್ದೆ.

ನನ್ನ ಗಂಡನ ಅಭಿಪ್ರಾಯವೂ ಆ ಜತ್ತದವನದೇ. ಅವನು ಟಗರಿನ ಕಾಳಗದ ಮನುಷ್ಯ. ಸಂಜೆ ಅವನೂ ಅದೇ ಆಟ ಆಡುತ್ತಾನೆ, ಒಂದು ದಿನವೂ ಆ ಗುಂಡಿ ಒತ್ತಿದವನಲ್ಲ. ಕೇಳಿದರೆ, "ಕರದ್ರ ಆಟ ಎಲ್ಲೈತಿ? ಅರ್ಧಾ ಸುಟ್ಟಾಗ ಒಂದು ಪೆಟ್ಟು ಹೊಡೀತೈತಿ ನೋಡು, ಅದು ಖರೇ ಪೆಟ್ಟು" ಅನ್ನುತ್ತಿದ್ದ. ಸಾಲದ್ದಕ್ಕೆ ಯಂತ್ರ ನಡೆಸುವವರಿಗೆಲ್ಲ ತನ್ನ ಬಳಗದವರ ಹೆಸರಿಟ್ಟಿದ್ದ. ಎಲ್ಲಕ್ಕಿಂತ ದೊಡ್ಡ ಯಂತ್ರದವನಿಗೆ ಅವನ ಸೋದರಮಾವನ ಹೆಸರು. ಅವನ ಸೋದರಮಾವ ಎಂದರೆ ನನ್ನ ಅಪ್ಪ. ನಾನು ಸೋದರತ್ತೆಯ ಮಗನನ್ನೇ ಮದುವೆಯಾದವಳು.

ಒಂದು ಸಂಜೆ ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಕಟ್ಟೆಯ ಮೇಲಿದ್ದ ಇವನು ಇದ್ದಕ್ಕಿದ್ದ ಹಾಗೆ ತಲೆ ಚಚ್ಚಿಕೊಂಡು, "ಮಾಮಾ ಹ್ವಾದ! ಸುಟ್ಟು ಕರಕಲಾದ!" ಎಂದು ಕೂಗಿದ. ಅತ್ತೆಗೆ ಇರುವುದು ಒಬ್ಬನೇ ತಮ್ಮ. ಹಿಟ್ಟಿನ ಕೈಯಲ್ಲೇ ಎದೆ ಬಡಿದುಕೊಂಡು ಅಂಗಳಕ್ಕೆ ಬಂದು ಬಿದ್ದರು. ನನಗೂ ಜೀವ ಬಾಯಿಗೆ ಬಂತು. ಮೊಬೈಲಿನ ವಿಷಯ ಎಂದು ಗೊತ್ತಾದ ಮೇಲೆ ಅತ್ತೆ ರೊಟ್ಟಿ ಬಡಿಯುವ ಕೈಯಿಂದಲೇ ಮಗನಿಗೆ ಬಡಿದ ಪೆಟ್ಟುಗಳನ್ನು ನೋಡಿ ನನ್ನ ಕಣ್ಣು ತಂಪಾಯಿತು. ಆದರೂ ಸಮಾಧಾನವಾಗದೆ ಅಪ್ಪನಿಗೆ ಫೋನ್ ಹಚ್ಚಿಸಿದರು. ಅತ್ತಲಿಂದ ಅಪ್ಪ, "ನಾ ಸತ್ತೀನೇನು? ಹಂಗಾರ ನನ್ನ ಕುರಿ ಯಾರ ಕಾಯಾಕತ್ತಾರ?" ಎಂದು ಕೇಳಿದರು.

ಅಂದಿನಿಂದ ಅತ್ತೆಗೂ ಆ ಆಟದ ಮೇಲೆ ಅಭಿಪ್ರಾಯ ಬಂತು. ಮಗ ಮೊಬೈಲು ಹಿಡಿದರೆ ಸಾಕು, ಒಲೆಯ ಮುಂದಿನಿಂದಲೇ ಕೇಳುತ್ತಿದ್ದರು: "ಆ ನಿನ್ನ ಕಬ್ಬಿಣದ ಭೂತಗೋಳು ನನ್ನ ತಮ್ಮಗ ಏನರ ಮಾಡ್ಯಾವೇನು? ಪೆಟ್ಟು ಬಿದ್ದಿದ್ರ ಮನಿಗಿ ಕರಿ ಅಂವನ್ನ, ಲಗೂನ ಕರಿ!" ಇವನು ಕರೆಯುತ್ತಿರಲಿಲ್ಲ. ಅಪ್ಪ ಆ ಆಟದಲ್ಲಿ ಎಷ್ಟು ಸಲ ಸುಟ್ಟರೋ ದೇವರಿಗೇ ಗೊತ್ತು.

ಇದನ್ನೆಲ್ಲ ನಕ್ಕು ಬಿಡಬಹುದಿತ್ತು, ಟಗರು ಇಲ್ಲದಿದ್ದರೆ. ಅಪ್ಪನ ಹಿಂಡಿನಲ್ಲಿ ಹುಟ್ಟಿದ ದಿನವೇ ತಾಯಿ ಸತ್ತ ಮರಿ ಅದು. ನಾನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದೆ. ಕೋಡು ಮೂಡುವಾಗ ತುರಿಕೆಗೆ ನನ್ನ ಮೊಣಕಾಲಿಗೆ ತಲೆ ತಿಕ್ಕುತ್ತಿತ್ತು. ಎರಡು ಹಲ್ಲಾಗಿ ವಯಸ್ಸಿಗೆ ಬಂದ ಮೇಲೆ ಗಂಡ ಅದನ್ನು ತನ್ನ ಕೈಗೆ ತೆಗೆದುಕೊಂಡ. ಹಸಿ ಮೊಟ್ಟೆ ಒಡೆದು ಬಾಯಿಗೆ ಸುರಿದ, ಕಡಲೆ ನೆನೆಸಿ ತಿನ್ನಿಸಿದ, ಮೋಟಾರ್‌ಸೈಕಲ್ಲಿನ ಹಿಂದೆ ಓಡಿಸಿದ, ಜೋತುಬಿಟ್ಟ ಟೈರಿಗೆ ಗುದ್ದಿಸಿದ. ನಾನು ಬೇಡ ಅನ್ನಲಿಲ್ಲ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವಳು ನಾನು, ಎರಡು ಟಗರುಗಳ ತಲೆ ಕೂಡಿದಾಗ ಬರುವ ಆ ಸದ್ದು ನನಗೂ ಇಷ್ಟ. ಅದು ಗೆದ್ದಾಗ ಗಂಡಸರಿಗಿಂತ ಜೋರಾಗಿ ಕೂಗಿದವಳು ನಾನೇ.

ಆದರೆ ಉಮದಿ ಊರಿನ ಕಾಳಗ ಬೇರೆ. ವಿಜಯಪುರದ ಕಡೆಯವರು ಒಂದು ಕರಿ ಟಗರು ತರುವವರಿದ್ದರು. ಅದರ ಎದುರು ನಿಂತ ಹಿಂದಿನ ಟಗರು ತಲೆಬುರುಡೆ ಬಿರಿದು ಕಣದಲ್ಲೇ ಸತ್ತಿತ್ತು. ನಮ್ಮ ಕಡೆ ಒಂದು ಪದ್ಧತಿ ಇದೆ. ಟಗರು ಸಾಕಾಯಿತು ಅನ್ನಿಸಿದರೆ ಯಜಮಾನ ತಲೆಯ ರುಮಾಲು ಬಿಚ್ಚಿ ಕಣಕ್ಕೆ ಒಗೆಯಬೇಕು. ಒಗೆದರೆ ಸೋತ ಹಾಗೆ, ಆದರೆ ಕಾಳಗ ಅಲ್ಲಿಗೆ ನಿಲ್ಲುತ್ತದೆ. ಬೇರೆ ಯಾರು ಒಗೆದರೂ ನಡೆಯುವುದಿಲ್ಲ.

"ಕೋಡು ಒಡದ್ರ ರುಮಾಲು ಒಗೀಬೇಕ್ರಿ" ಎಂದೆ.

"ಒಗೀತೀನಿ."

ಭಂಡಾರದ, ಅಂದರೆ ದೇವರ ಅರಿಶಿನದ, ಚೀಲ ತಂದು ಅವನ ಮುಂದೆ ಹಿಡಿದೆ. ಅರಿಶಿನ ಮುಟ್ಟಿ ಹೇಳಿದರೆ ನಮ್ಮಲ್ಲಿ ಯಾರೂ ತಪ್ಪುವುದಿಲ್ಲ.

"ಬಾಯಿಲೆ ಹೇಳಿದ್ದು ಸಾಲೂದಿಲ್ಲೇನು?" ಎಂದು ಸಿಡುಕಿ ಎದ್ದು ಹೋದ. ಆಗಲೇ ನನಗೆ ತಿಳಿಯಿತು. ಅದಕ್ಕೇ ನಾನೂ ಬರುತ್ತೇನೆ ಎಂದು ಹಟ ಹಿಡಿದೆ.

ಉಮದಿಯ ಹೊರಗೆ, ಜೋಳ ಕೊಯ್ದ ಹೊಲದಲ್ಲಿ ಕಣ. ನಾನು ಟ್ರ್ಯಾಕ್ಟರಿನ ಟ್ರಾಲಿಯ ಮೇಲೆ ನಿಂತಿದ್ದೆ. ಎರಡೂ ಟಗರುಗಳನ್ನು ಬಿಟ್ಟರು. ಅವು ಹಿಂದೆ ಹಿಂದೆ ಸರಿದು ಒಮ್ಮೆಲೇ ಓಡಿ ಬಂದು ಗುದ್ದಿದವು. ಹಳೆಯ ಬಾಗಿಲಿನ ಮೇಲೆ ಕೊಡಲಿ ಬಿದ್ದ ಸದ್ದು. ಮತ್ತೆ ಸರಿದವು, ಮತ್ತೆ ಗುದ್ದಿದವು. ಮೊದಮೊದಲು ನಮ್ಮದೇ ಮೇಲು. ಕರಿಯದರ ಮುಂಗಾಲು ಒಮ್ಮೆ ಮಡಚಿತು, ನಾನು ಗಂಟಲು ಹರಿಯುವಂತೆ ಕೂಗಿದೆ. ಆಮೇಲೆ ಒಂದು ಡಿಕ್ಕಿಗೆ ನಮ್ಮದರ ಎಡಗೋಡು ಬುಡದಲ್ಲೇ ಒಡೆಯಿತು. ಕೋಡು ತೊಗಲಿನಲ್ಲಿ ಜೋತಾಡುತ್ತಿತ್ತು. ರಕ್ತ ಕಣ್ಣಿಗಿಳಿದು, ಮೂತಿಗಿಳಿದು, ನೆಲಕ್ಕೆ ತೊಟ್ಟಿಕ್ಕಿತು.

ನಾನು ಗಂಡನ ಕಡೆ ನೋಡಿದೆ. ಅವನ ಕೈ ರುಮಾಲಿನ ಮೇಲಿರಲಿಲ್ಲ. ಎರಡೂ ಕೈ ಮುಷ್ಟಿ ಮಾಡಿ, ಬಗ್ಗಿ, "ಹ್ಞೂಂ! ಹ್ಞೂಂ! ಹೊಡಿ!" ಅನ್ನುತ್ತಿದ್ದ. ಟಗರು ಅವನ ದನಿ ಕೇಳಿ ಮತ್ತೆ ಹಿಂದೆ ಸರಿಯಿತು. ಗುದ್ದಿತು. ಈ ಸಲ ಮುರಿದ ಜಾಗಕ್ಕೇ ಪೆಟ್ಟು ಬಿತ್ತು. ಅದು ಕೂಗಲಿಲ್ಲ. ಟಗರುಗಳು ಕೂಗುವುದಿಲ್ಲ. ಮೊಬೈಲಿನ ಆಟದವರಾದರೂ ಚೀರುತ್ತಾರೆ, ಕೇಳಿದವರಿಗೆ ಗೊತ್ತಾಗುತ್ತದೆ.

"ರುಮಾಲು ಒಗೀರಿ!" ಎಂದು ಕಿರುಚಿದೆ. ಜನ ತಿರುಗಿ ನೋಡಿ ನಕ್ಕರು. ಅವನು ನೋಡಲೇ ಇಲ್ಲ. ಮತ್ತೊಂದು ಡಿಕ್ಕಿ. ನಮ್ಮದರ ಹಿಂಗಾಲುಗಳು ನಡುಗುತ್ತಿದ್ದವು.

ಟ್ರಾಲಿಯಿಂದ ಯಾವಾಗ ಹಾರಿದೆನೋ ಗೊತ್ತಿಲ್ಲ. ಅಡ್ಡ ಬಂದ ಒಬ್ಬನನ್ನು ಎದೆಗೆ ಗುದ್ದಿ ಕೆಡವಿದ್ದು ಮಾತ್ರ ನೆನಪಿದೆ. ಕಣಕ್ಕೆ ನುಗ್ಗಿದಾಗ ಎರಡೂ ಹಿಂದೆ ಸರಿದು ನಿಂತಿದ್ದವು. ಆ ಕಡೆಯವರು ತಮ್ಮ ಕರಿಯದನ್ನು ತಬ್ಬಿ ಹಿಡಿದರು. ನಾನು ನಮ್ಮದರ ಎದುರಿಗೆ ನಿಂತು, ಹಾಲು ಕುಡಿಸುವಾಗ ಕರೆಯುತ್ತಿದ್ದ ಹಾಗೆಯೇ ಕರೆದೆ, "ಬಾ, ಬಾ ನನ್ನಪ್ಪಾ, ಬಾ." ಬಲಗೈ ಮುಂದೆ ಚಾಚಿದ್ದೆ.

ಅದು ಬಂತು. ತಲೆ ತಗ್ಗಿಸಿ ಬಂತು.

ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಬಳೆಗಳೆಲ್ಲ ಒಡೆದು ಮಾಂಸದೊಳಗೆ ಹೋದವು. ಬಿದ್ದೆ. ಬಿದ್ದವಳ ಮೇಲೆ ಇನ್ನೊಮ್ಮೆ ಬರಲು ಅದು ಹಿಂದೆ ಸರಿಯುತ್ತಿತ್ತು. ನಾಲ್ಕು ಜನ ಮೇಲೆ ಬಿದ್ದು ಅದನ್ನು ಹಿಡಿದರು.

ಜತ್ತದ ಆಸ್ಪತ್ರೆಯಲ್ಲಿ ಗಾಜಿನ ಚೂರು ಒಂದೊಂದಾಗಿ ತೆಗೆದು, ಮೂಳೆ ಕೂಡಿಸಿ ಪ್ಲಾಸ್ಟರ್ ಹಾಕಿದರು. ಗಂಡ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಅವನಿಂದ ಮೊಬೈಲು ಇಸಿದುಕೊಂಡೆ. ಗ್ರೂಪಿನಲ್ಲಿ ಇನ್ನೂ ಅದೇ ಜಗಳ, ವಾಪಸ್ ಕರೆಯುವುದು ಸರಿಯೋ ತಪ್ಪೋ. ಎಡಗೈಯ ಹೆಬ್ಬೆರಳಿನಿಂದ ಕುಟ್ಟಿ ಕುಟ್ಟಿ ನನ್ನ ಅಭಿಪ್ರಾಯ ಬರೆದೆ: 'ಆಟದಲ್ಲಿ ಒಂದು ದೊಡ್ಡ ಸುಳ್ಳಿದೆ. ವಾಪಸ್ ಕರೆದದ್ದು ಕರೆದವರನ್ನೇ ಬಂದು ಹೊಡೆಯುತ್ತದೆ, ಅದನ್ನು ಇವರು ತೋರಿಸಿಲ್ಲ.'

ಸ್ವಲ್ಪ ಹೊತ್ತಿಗೆ ಒಬ್ಬ ಉತ್ತರ ಬರೆದ. 'ದಾದಾ, ನಿನ್ನ ಮೊಬೈಲಿನಲ್ಲಿ ಏನೋ ಬಗ್ ಇರಬೇಕು. ಆಟ ತೆಗೆದು ಮತ್ತೆ ಹಾಕಿ ನೋಡು.'

ಮನೆಗೆ ಬಂದಾಗ ಟಗರು ಅಂಗಳದ ಗೂಟದಲ್ಲಿತ್ತು. ಮುರಿದ ಕೋಡನ್ನು ಪೂರ್ತಿ ತೆಗೆದು, ಗಾಯಕ್ಕೆ ಅರಿಶಿನ ಮೆತ್ತಿ ಬಟ್ಟೆ ಸುತ್ತಿದ್ದರು. ಬದುಕಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ. ಅತ್ತೆಯ ಕೈಯಿಂದ ಒಂದು ರೊಟ್ಟಿ ತೆಗೆದುಕೊಂಡು ಎಡಗೈಯಲ್ಲಿ ಹಿಡಿದು ಹತ್ತಿರ ಹೋದೆ. ನನ್ನನ್ನು ನೋಡಿ ಅದು ಹಿಂದೆ ಸರಿಯಿತು. ಹಗ್ಗ ಬಿಗಿಯಾಗುವವರೆಗೂ ಸರಿದು ತಲೆ ತಗ್ಗಿಸಿತು. ಹೆದರಿ ಸರಿಯಿತೋ, ಗುದ್ದಲು ಸರಿಯಿತೋ, ಹುಟ್ಟಿದಾಗಿನಿಂದ ಕುರಿಗಳ ನಡುವೆ ಬೆಳೆದ ನನಗೆ ತಿಳಿಯಲಿಲ್ಲ. ನನ್ನ ಕೈಯಲ್ಲಿ ಹಾಲು ಕುಡಿದ ಮರಿಗೆ ನಾನು ಹೆದರಿದೆ. ಅಷ್ಟು ಹೆದರಿಕೆ ಕಣದಲ್ಲೂ ಆಗಿರಲಿಲ್ಲ.

ಹಿಂದೆ ಗಂಡ ಬಂದು ನಿಂತಿದ್ದ. ಟಗರನ್ನೇ ನೋಡುತ್ತಿದ್ದ. ಅವನ ದನಿಯಲ್ಲಿ ಮರುಕವಿರಲಿಲ್ಲ, ಹೆಮ್ಮೆಯಿತ್ತು.

"ನೋಡಿದೇನು? ನೀ ಒಳಗ ಬರಬಾರದಿತ್ತು. ಅದರ ಮೈಯಾಗ ಇನ್ನೂ ಒಂದು ಡಿಕ್ಕಿ ಇತ್ತು. ನನಗ ಗೊತ್ತಿತ್ತು."

"ಇತ್ರಿ" ಎಂದೆ. "ಅದು ನನಗ ಬಿತ್ತು."

ನಾನು ರೊಟ್ಟಿಯನ್ನು ಟಗರಿನ ಮುಂದೆ ನೆಲಕ್ಕೆ ಎಸೆದು ಒಳಗೆ ಹೋದೆ.